ಹೊಸ ಡೆಸ್ಕ್‌ಟಾಪ್ ಗಣಕದ ಪದೇಪದೇ ಸ್ಥಗಿತ: ಕಾರಣ ಮತ್ತು ಪತ್ತೆ

ಬಳಸುವವರ ಆಜ್ಞೆಯಿಲ್ಲದೆ ಗಣಕ ತಾನಾಗಿ ಆಫ್ ಆಗುವುದು, ಮರುಚಾಲನೆಗೊಳ್ಳುವುದು, ಪರದೆಯ ಚಿತ್ರ ಕದಲದೆ ನಿಂತುಬಿಡುವುದು ಅಥವಾ ದೋಷಸಂಕೇತವೊಂದನ್ನು ತೋರಿಸಿ ಕೆಲಸ ನಿಲ್ಲಿಸುವುದು ಇವನ್ನೆಲ್ಲ ಒಟ್ಟಾಗಿ ಸ್ಥಗಿತ ಅಥವಾ ಕ್ರ್ಯಾಶ್ ಎನ್ನಲಾಗುತ್ತದೆ. ಹ್ಯಾಂಗ್ ಆಗುವುದು, ರೀಸ್ಟಾರ್ಟ್ ಹೊಡೆಯುವುದು, ಬ್ಲೂ ಸ್ಕ್ರೀನ್ ಬರುವುದು ಎಂಬವು ಇದರ ಬಗೆಗಳಿಗೆ ಬಳಕೆಯಲ್ಲಿರುವ ಮಾತುಗಳು. ಹಳೆಯ ಯಂತ್ರದಲ್ಲಿ ಧೂಳು, ಸವೆತ, ಒಣಗಿದ ಕೆಪಾಸಿಟರುಗಳು ಇದಕ್ಕೆ ಕಾರಣವಾದರೆ, ಹೊಸ ಯಂತ್ರದಲ್ಲಿ ತಯಾರಿಕೆಯ ಕೊರತೆ, ಜೋಡಣೆಯ ಲೋಪ, ತಪ್ಪು ಸೆಟ್ಟಿಂಗ್ ಮತ್ತು ಗೋಡೆಯಿಂದ ಬರುವ ವಿದ್ಯುತ್ತಿನ ಗುಣ ಮುಖ್ಯವಾಗುತ್ತವೆ. ವಿದ್ಯುನ್ಮಾನ ಭಾಗಗಳು ಕೆಡುವ ಪ್ರಮಾಣ ಬಳಕೆಯ ಮೊದಲ ದಿನಗಳಲ್ಲಿ ಹೆಚ್ಚಾಗಿದ್ದು, ನಡುಗಾಲದಲ್ಲಿ ಇಳಿದು, ಕೊನೆಯಲ್ಲಿ ಮತ್ತೆ ಏರುವುದು ಸಾಮಾನ್ಯವಾದ್ದರಿಂದ, ಹೊಸದು ಕೆಡಲಾರದು ಎಂಬ ನಂಬಿಕೆಗೆ ಆಧಾರವಿಲ್ಲ.

ದೋಷಪತ್ತೆಯ ಕೈಪಿಡಿಗಳು ಬಹುಮಟ್ಟಿಗೆ ತಂತ್ರಾಂಶದಿಂದ ಆರಂಭಿಸಿ ಯಂತ್ರಾಂಶದ ಕಡೆಗೆ ಸಾಗುತ್ತವೆ. ಗೋಡೆಯ ಸಾಕೆಟ್ಟಿನಲ್ಲಿ ಸದಾ ಒಂದೇ ಮಟ್ಟದ ವಿದ್ಯುತ್ ದೊರೆಯುವ ನಗರಗಳಿಗೆ ಹೊಂದುವ ಈ ಕ್ರಮವನ್ನು, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರವಾದ ತಾಯಲೂರಿನಂತಹ ಊರುಗಳಲ್ಲಿ ತಿರುಗಿಸಿಕೊಳ್ಳುವುದೇ ಲೇಸು. ಇಲ್ಲಿ ಶೋಧನೆ ಸಾಕೆಟ್ಟಿನಿಂದ ಹೊರಟು, ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ದಾಟಿ, ಆಮೇಲೆ ಸ್ಮೃತಿ (ರ‍್ಯಾಮ್), ಸಂಸ್ಕಾರಕ (ಪ್ರೊಸೆಸರ್) ಮತ್ತು ತಂತ್ರಾಂಶಗಳಿಗೆ ಬರಬೇಕು. ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರ ತಂತಿ ಎಳೆದು 1902ರಲ್ಲೇ ಚಿನ್ನದ ಗಣಿಗಳಿಗೆ ವಿದ್ಯುತ್ ಪಡೆದ ಜಿಲ್ಲೆಯಲ್ಲಿ ಶತಮಾನದ ಮೇಲೂ ಈ ಮಾತು ಹೇಳಬೇಕಾಗಿರುವುದು ಸೋಜಿಗವೇ ಸರಿ.

ನಿತ್ಯ ಹರಿಯುವ ನದಿಯಿಲ್ಲದ ಈ ಬಯಲುಸೀಮೆಯ ಬೇಸಾಯ ಆಳದ ಕೊಳವೆ ಬಾವಿಗಳನ್ನು ನೆಚ್ಚಿಕೊಂಡಿದೆ. ಬಾವಿಯೊಳಗಿನ ಸಬ್‌ಮರ್ಸಿಬಲ್ ಮೋಟರ್ ಚಾಲೂ ಆಗುವ ಕ್ಷಣದಲ್ಲಿ, ಅದು ಪೂರ್ಣ ಹೊರೆಯಲ್ಲಿ ಎಳೆಯುವ ಕರೆಂಟಿನ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ, ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಮನೆಗಳೂ ಮೋಟರುಗಳೂ ಇದ್ದು, ತಂತಿಯ ಸಾಲು ಉದ್ದವಾಗಿದ್ದರೆ, 230 ವೋಲ್ಟ್ ಇರಬೇಕಾದ ಒತ್ತಡ ಆ ಗಳಿಗೆಯಲ್ಲಿ ಕುಸಿದು ಟ್ಯೂಬ್‌ಲೈಟು ಮಿಟುಕುತ್ತದೆ. ಗಣಕದೊಳಗೆ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಬದಲಿಸುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎಂದು ಹೆಸರು. ಒಳಬರುವ ವಿದ್ಯುತ್ ಕಡಿದಾಗಲೂ ಇದು ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡು ಗಣಕವನ್ನು ನಡೆಸಬೇಕೆಂಬುದು ಎಟಿಎಕ್ಸ್ ಮಾನದಂಡದ ನಿರೀಕ್ಷೆ. ಕ್ಯಾಬಿನೆಟ್ಟಿನ ಜೊತೆಗೇ ಅಗ್ಗಕ್ಕೆ ಬರುವ ಪೆಟ್ಟಿಗೆಗಳಲ್ಲಿ ಈ ಕೆಪಾಸಿಟರ್ ಚಿಕ್ಕದಾಗಿರುವುದುಂಟು, ಮೇಲೆ ಅಂಟಿಸಿದ ಚೀಟಿಯ ವ್ಯಾಟ್ ಸಂಖ್ಯೆಯನ್ನು ನಂಬಿ ಫಲವಿಲ್ಲ. 100ರಿಂದ 240 ವೋಲ್ಟಿನವರೆಗಿನ ಒತ್ತಡದಲ್ಲಿ ಕೆಲಸ ಮಾಡುವ, ಸಕ್ರಿಯ ಪವರ್ ಫ್ಯಾಕ್ಟರ್ ತಿದ್ದುಪಡಿಯುಳ್ಳ ಎಸ್‌ಎಂಪಿಎಸ್ ಲೋ ವೋಲ್ಟೇಜನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ.

ಸ್ಥಗಿತ ಸಂಭವಿಸಿದ ಗಂಟೆ ನಿಮಿಷವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಅದು ದೀಪ ಮಂಕಾದ ಅಥವಾ ಮೋಟರುಗಳಿಗೆ ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ಹೊಂದುತ್ತದೆಯೇ ಎಂದು ನೋಡುವುದು ಖರ್ಚಿಲ್ಲದ ಮೊದಲ ಪರೀಕ್ಷೆ. ಎರಡನೆಯದು ಅರ್ಥಿಂಗ್. ಎಸ್‌ಎಂಪಿಎಸ್ಸಿನ ಬಾಯಲ್ಲೇ ಇರುವ ಶೋಧಕದ (ಫಿಲ್ಟರಿನ) ಸಣ್ಣ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಲೋಹದ ಕ್ಯಾಬಿನೆಟ್ಟಿಗೆ ಕೂಡಿಸುವುದರಿಂದ, ಅರ್ಥ್ ತಂತಿ ಕಡಿದಿದ್ದರೆ ಅಥವಾ ಮೂರನೆಯ ಪಿನ್ನನ್ನು ಬಿಟ್ಟು ಎರಡು ಪಿನ್ನಿನ ಅಡಾಪ್ಟರಿನಲ್ಲಿ ಪ್ಲಗ್ ಸಿಕ್ಕಿಸಿದ್ದರೆ, ಕ್ಯಾಬಿನೆಟ್ಟು ಸರಬರಾಜಿನ ಸುಮಾರು ಅರ್ಧದಷ್ಟು ಒತ್ತಡದಲ್ಲಿ ತೇಲುತ್ತಿರುತ್ತದೆ. ಬರಿಗಾಲಲ್ಲಿ ನಿಂತು ಅದರ ಹಿಂಬದಿಯ ಬಣ್ಣವಿಲ್ಲದ ತಗಡನ್ನು ಮುಟ್ಟಿದವರಿಗೆ ಬೆರಳು ಜುಮ್ಮೆನ್ನುವುದು ಇದರಿಂದಲೇ. ಇಂಥ ಗಣಕಕ್ಕೆ ಪ್ರಿಂಟರನ್ನೋ ನೆಟ್‌ವರ್ಕ್ ತಂತಿಯನ್ನೋ ಸಿಕ್ಕಿಸಿದಾಗ ಯುಎಸ್‌ಬಿ ಸಾಧನಗಳು ಕಳಚಿಕೊಳ್ಳುವುದು, ಯಂತ್ರ ಮರುಚಾಲನೆಗೊಳ್ಳುವುದು ನಡೆಯಬಹುದು. ಕೋಲಾರದ ಕಲ್ಲುನೆಲ ಬೇಸಿಗೆಯಲ್ಲಿ ಒಣಗಿ ಭೂಸಂಪರ್ಕದ ರೋಧ ಏರುವುದರಿಂದ, ಇದ್ದಿಲು ಮತ್ತು ಉಪ್ಪು ತುಂಬಿದ ಅರ್ಥ್ ಗುಂಡಿಗೆ ಆಗಾಗ ನೀರು ಹುಯ್ಯುವುದು ಹಳೆಯ ಎಲೆಕ್ಟ್ರಿಷಿಯನ್ನರ ರೂಢಿ. ನ್ಯೂಟ್ರಲ್ ತಂತಿಯೇ ಸಡಿಲವಾಗಿದ್ದರೆ ಮಾತ್ರ ಒತ್ತಡ 230ನ್ನು ಮೀರಿ ಬಹಳ ಮೇಲೇರಬಹುದಾಗಿದ್ದು, ಅದನ್ನು ಸರಿಪಡಿಸುವವರೆಗೆ ಗಣಕವನ್ನು ಚಾಲೂ ಮಾಡಲೇಬಾರದು.

ಯುಪಿಎಸ್ ಇದ್ದ ಮಾತ್ರಕ್ಕೆ ಶಂಕೆ ತೀರುವುದಿಲ್ಲ. ಮನೆಯ ಇನ್ವರ್ಟರಿಗೆ ಗಣಕವನ್ನು ಕೂಡಿಸಿದ್ದರೆ, ಅದರ ಸ್ವಿಚ್ಚು ಯುಪಿಎಸ್ ಕ್ರಮದಲ್ಲಿದೆಯೇ ಎಂದು ನೋಡಬೇಕು: ಆ ಕ್ರಮದಲ್ಲಿ ಬ್ಯಾಟರಿಗೆ ಬದಲಾಗಲು ಕೆಲವೇ ಮಿಲಿಸೆಕೆಂಡು ಸಾಕಾದರೆ, ಸಾಮಾನ್ಯ ಕ್ರಮದಲ್ಲಿ ಹಿಡಿಯುವ ಹೊತ್ತು ಎಸ್‌ಎಂಪಿಎಸ್ ತಾಳಿಕೊಳ್ಳುವ 16 ಮಿಲಿಸೆಕೆಂಡನ್ನು ದಾಟುತ್ತದೆ. ಅಗ್ಗದ ಯುಪಿಎಸ್‌ಗಳು ಶುದ್ಧ ಸೈನ್ ಅಲೆಯ ಬದಲು ಮೆಟ್ಟಿಲಾಕಾರದ ಅಲೆಯನ್ನು ಕೊಡುವುದರಿಂದ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳೇ ಅವುಗಳೊಂದಿಗೆ ಹೊಂದಿಕೊಳ್ಳದೆ ಆಫ್ ಆಗುವುದೂ ಉಂಟು.

ವಿದ್ಯುತ್ತಿನ ಮೇಲಿನ ಶಂಕೆಯನ್ನು ದೃಢಪಡಿಸಲು ಅಥವಾ ಬಿಟ್ಟುಬಿಡಲು ಗಣಕದ ದಾಖಲೆಯೇ ನೆರವಾಗುತ್ತದೆ. ವಿಂಡೋಸ್‌ನ ಇವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ ಕರ್ನೆಲ್-ಪವರ್ 41 ಎಂಬ ನಮೂದು, ಗಣಕ ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆ ಮತ್ತೆ ಚಾಲೂ ಆಯಿತೆಂಬುದನ್ನಷ್ಟೇ ಹೇಳುತ್ತದೆ. ಅದು ಪರಿಣಾಮದ ಗುರುತೇ ಹೊರತು ಕಾರಣವಲ್ಲ, ಹಾಗಿದ್ದರೂ ಅದನ್ನೇ ರೋಗವೆಂದು ತಿಳಿದು ಎಸ್‌ಎಂಪಿಎಸ್ ಬದಲಿಸುವವರು ಬಹಳ. ನಮೂದಿನ ವಿವರದಲ್ಲಿ ಬಗ್‌ಚೆಕ್ ಎಂಬ ದೋಷಸಂಕೇತದ ಸಂಖ್ಯೆ ಸೊನ್ನೆಯಾಗಿದ್ದರೆ ಕಾರ್ಯವ್ಯವಸ್ಥೆಗೆ ಏನನ್ನೂ ಬರೆಯುವ ಅವಕಾಶ ಸಿಗಲಿಲ್ಲವೆಂದರ್ಥ: ವಿದ್ಯುತ್ ಕಡಿದಿರಬೇಕು, ಇಲ್ಲವೇ ಯಂತ್ರ ಪೂರ್ತಿ ಹ್ಯಾಂಗ್ ಆಗಿ ಬಳಸುವವರೇ ಗುಂಡಿ ಒತ್ತಿ ಆರಿಸಿರಬೇಕು. ಸಂಖ್ಯೆಯಿದ್ದರೆ ಮಿನಿಡಂಪ್ ಎಂಬ ಕಡತದಲ್ಲಿ ಹೆಚ್ಚಿನ ಸುಳಿವು ಇರಬಹುದು. ಮೆಮೊರಿ ಮ್ಯಾನೇಜ್‌ಮೆಂಟ್ ಎಂಬ ಸಂದೇಶ ಸ್ಮೃತಿಯತ್ತಲೂ, ವಿಯಾ ಅನ್‌ಕರೆಕ್ಟಬಲ್ ಎರರ್ ಎಂಬುದು ಸಂಸ್ಕಾರಕ ಮುಂತಾದ ಯಂತ್ರಾಂಶದತ್ತಲೂ, ವಿಡಿಯೋ ಟಿಡಿಆರ್ ಎಂಬುದು ಗ್ರಾಫಿಕ್ಸ್ ಕಾರ್ಡು ಅಥವಾ ಅದರ ಚಾಲಕ ತಂತ್ರಾಂಶದತ್ತಲೂ ಬೆರಳು ತೋರುತ್ತವೆ. ಪ್ರತಿ ಸಲವೂ ಬೇರೆ ಬೇರೆ ಸಂದೇಶ ಬರುತ್ತಿದ್ದರೆ ಮೊದಲ ಶಂಕೆ ಸ್ಮೃತಿಯ ಮೇಲೆ ಹೋಗಬೇಕು. ಸಂದೇಶ ಓದುವ ಮುನ್ನವೇ ಗಣಕ ಮರುಚಾಲನೆಗೊಳ್ಳದಂತೆ ಸ್ವಯಂ ಮರುಚಾಲನೆಯ ಆಯ್ಕೆಯನ್ನು ತೆಗೆದುಹಾಕಿಡುವುದು ಒಳ್ಳೆಯದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆರಿಸಿ ಜೋಡಿಸಿಕೊಂಡ, ಅಸೆಂಬಲ್ಡ್ ಎಂದು ಕರೆಯುವ ಗಣಕ ಬಸ್ಸಿನಲ್ಲೋ ಕಾರಿನಲ್ಲೋ ಸುಮಾರು 100 ಕಿ.ಮೀ. ಕುಲುಕಿಕೊಂಡು ಬರುವಾಗ ಸಡಿಲವಾಗುವ ಭಾಗಗಳಿವೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಮದರ್‌ಬೋರ್ಡಿನ 24 ಪಿನ್ನಿನ ಮತ್ತು ಸಂಸ್ಕಾರಕದ ಬಳಿಯ 8 ಪಿನ್ನಿನ ಜೋಡಣೆಗಳನ್ನು ಬಿಗಿಗೊಳಿಸಿ, ರ‍್ಯಾಮ್ ಪಟ್ಟಿಗಳನ್ನು ಕಳಚಿ ಕೊಂಡಿ ಕಟ್ಟೆಂದು ಕೂರುವಂತೆ ಮತ್ತೆ ಒತ್ತಿ ಕೂರಿಸಬೇಕು. ನಾಲ್ಕು ಕಿಂಡಿಗಳಿರುವ ಬೋರ್ಡಿನಲ್ಲಿ ಎರಡೇ ಪಟ್ಟಿಗಳಿದ್ದರೆ ಅವುಗಳ ಜಾಗ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿ. ರ‍್ಯಾಮ್ ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗ ಎಕ್ಸ್‌ಎಂಪಿ ಎಂಬ ಸೆಟ್ಟಿಂಗನ್ನು ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಚಾಲೂ ಮಾಡಿದಾಗ ಸಿಗುವಂಥದು. ಮಾನದಂಡದ ಮೂಲ ವೇಗಕ್ಕಿಂತ ಅದು ಹೆಚ್ಚಾಗಿದ್ದು, ಪ್ರತಿ ಬೋರ್ಡೂ ಪ್ರತಿ ಸಂಸ್ಕಾರಕವೂ ಅದನ್ನು ತಾಳಬೇಕೆಂದಿಲ್ಲ. ಎಕ್ಸ್‌ಎಂಪಿಯನ್ನು ಆಫ್ ಮಾಡಿದೊಡನೆ ಸ್ಥಗಿತ ನಿಂತರೆ ದೋಷ ಅರ್ಧ ಸಿಕ್ಕಂತೆ. ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಮೆಮ್‌ಟೆಸ್ಟ್86 ಪೆನ್‌ಡ್ರೈವಿನಿಂದಲೇ ಚಾಲೂ ಆಗಿ, ಕಾರ್ಯವ್ಯವಸ್ಥೆಯ ಹಂಗಿಲ್ಲದೆ ಸ್ಮೃತಿಯನ್ನು ಪರೀಕ್ಷಿಸುತ್ತದೆ. ರಾತ್ರಿಯಿಡೀ ಓಡಿಸಿದಾಗ ಒಂದೇ ಒಂದು ತಪ್ಪು ಕಂಡರೂ, ಮೂಲ ವೇಗದಲ್ಲಿ ಮತ್ತೆ ಪರೀಕ್ಷಿಸಿ, ಅಲ್ಲಿಯೂ ತಪ್ಪು ಉಳಿದರೆ ಪಟ್ಟಿಗಳನ್ನು ಒಂದೊಂದಾಗಿ ನೋಡಬೇಕು.

ಶಾಖದಿಂದಾಗುವ ಸ್ಥಗಿತ ಜನರೆಣಿಸಿದಷ್ಟು ಸಾಮಾನ್ಯವಲ್ಲ, ಏಕೆಂದರೆ ಇಂದಿನ ಸಂಸ್ಕಾರಕಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ. ಕೂಲರಿನ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಕೂರಿಸಿದ್ದರೆ ಮಾತ್ರ, ತಗಡಿನ ಮಾಡಿನ ಅಂಗಡಿಯಲ್ಲಿ ಗಣಕ ಚಾಲೂ ಆದ ಕೆಲವೇ ನಿಮಿಷಗಳಲ್ಲಿ ಆರಿಹೋಗಬಹುದು.

ಉಳಿದೆಲ್ಲ ಭಾಗವೂ ಸರಿಯಿದ್ದು ಸಂಸ್ಕಾರಕವೇ ಕೈಕೊಟ್ಟ ಪ್ರಸಂಗವೂ ಇದೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಸಂಸ್ಕಾರಕಗಳು, ಅವುಗಳೊಳಗಿನ ಮೈಕ್ರೋಕೋಡ್ ಎಂಬ ಸೂಚನೆಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದುದರಿಂದ ಅಸ್ಥಿರವಾಗುತ್ತಿದ್ದವು. ಕಂಪನಿ 2024ರಲ್ಲಿ ತಿದ್ದುಪಡಿಗಳನ್ನು ಬಿಡುಗಡೆ ಮಾಡಿ, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಈ ತಿದ್ದುಪಡಿ ಬಯಾಸ್ ಮೂಲಕ ಬರುವುದರಿಂದ, ಅಂಗಡಿಯಲ್ಲಿ ಬಹುಕಾಲ ಕುಳಿತಿದ್ದ ಬೋರ್ಡು ಹೊಸ ಗಣಕದಲ್ಲಿದ್ದರೆ ಹಳೆಯ ಬಯಾಸೇ ಉಳಿದಿರಬಹುದು, ಮೊದಲೇ ಹಾನಿಗೊಂಡ ಸಂಸ್ಕಾರಕವಂತೂ ತಿದ್ದುಪಡಿಯಿಂದ ಗುಣವಾಗುವುದಿಲ್ಲ. ಶುದ್ಧ ತಂತ್ರಾಂಶದ ದೋಷಕ್ಕೆ ಎಲ್ಲರೂ ಬಲ್ಲ ನಿದರ್ಶನ 2024ರ ಜುಲೈ 19ರದು: ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಯುಕ್ತ ಕಡತವೊಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ನಿಂತವು. ಬೇರೆ ಬೇರೆ ಕಡೆಯ ಯಂತ್ರಗಳು ಒಂದೇ ಹೊತ್ತಿಗೆ ನಿಂತುದೇ ಅಲ್ಲಿ ಯಂತ್ರಾಂಶವನ್ನು ನಿರ್ದೋಷಿಯೆಂದು ತೋರಿಸಿಕೊಟ್ಟಿತು.

ಸ್ಥಗಿತ ಕಂಡೊಡನೆ ಫಾರ್ಮ್ಯಾಟ್ ಮಾಡಿಸುವ ಅಭ್ಯಾಸ ಬೇರೂರಿದ್ದು, ಅದರಿಂದ ಮಿನಿಡಂಪೂ ದಿನಚರಿಯೂ ಅಳಿಸಿಹೋಗಿ ದೋಷದ ಸಾಕ್ಷ್ಯವೇ ಇಲ್ಲವಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಿಂದೆ ಸ್ಥಗಿತಗಳ ನಡುವೆ ಇದ್ದ ಅಂತರಕ್ಕಿಂತ ಹೆಚ್ಚು ಕಾಲ ಕಾದು, ಫಲವನ್ನು ಬರೆದಿಟ್ಟುಕೊಂಡರೆ ಅಂಗಡಿಯವರ ಮುಂದೆ ವಾರಂಟಿ ಕೇಳುವಾಗಲೂ ಆ ಬರಹ ನೆರವಾಗುತ್ತದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೊಂಡವರು ತಾವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದಾದ್ದರಿಂದ, ಬೆಂಗಳೂರಿನಲ್ಲಿ ಖರೀದಿಸಿದ ಗಣಕಕ್ಕೆ ತಾಯಲೂರಿನವರು ಕೋಲಾರದಲ್ಲೇ ಪರಿಹಾರ ಕೇಳಲು ಸಾಧ್ಯ. ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಅರ್ಜಿ ಸಲ್ಲಬೇಕು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಎಣಿಸದಿದ್ದರೂ, ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಗಣಕ ಕೊಂಡು ಜೆರಾಕ್ಸ್ ಅಂಗಡಿ ನಡೆಸುವವರಿಗೆ ಆ ಹೊರಗಿಡುವಿಕೆ ಅನ್ವಯಿಸುವುದಿಲ್ಲ.