ರಸ್ತೆ ಅಗಲ ಆದ್ರೆ ಸಾಕಾ? ನಮ್ಮ ಮೂರು ಊರುಗಳ ಬೀದಿ ಕಥೆ

ಮೆಣಸಿನಕಾಯಿ ಹಂಗಾಮು. ಸೋಮವಾರ ಇಲ್ಲವೇ ಗುರುವಾರ. ಬ್ಯಾಡಗಿ ಮುಖ್ಯರಸ್ತೆಯಲ್ಲಿ ನಿಂತು ನೋಡಿ. ಲಾರಿ, ಟ್ರ್ಯಾಕ್ಟರ್, ಬಸ್ಸು, ಟಂಟಂ, ನಡುವೆ ಶಾಲೆ ಮಕ್ಕಳು. ಎದುರಿನ ಅಂಗಡಿಗೆ ದಾಟಬೇಕೆಂದರೆ ವಯಸ್ಸಾದವರು ಯಾರದಾದರೂ ಕೈ ಹಿಡಿಯಲೇಬೇಕು.

ಈ ರಸ್ತೆ ಅಗಲ ಮಾಡಬೇಕೆಂಬ ಕೂಗು ಇಂದು ನಿನ್ನೆಯದಲ್ಲ. ಅದಕ್ಕಾಗಿ ಬಂದ್, ಧರಣಿ ಎಲ್ಲ ಆಗಿವೆ. ಕಟ್ಟಡ ಕಳೆದುಕೊಳ್ಳುವವರು ಕೋರ್ಟ್ ಮೆಟ್ಟಿಲನ್ನೂ ಏರಿದ್ದಾರೆ. ಸುದ್ದಿಗೆಂದು ಅಲ್ಲಿಗೆ ಹೋದಾಗಲೆಲ್ಲ ನಮಗೆ ಒಂದು ಪ್ರಶ್ನೆ ಕಾಡುತ್ತದೆ. ನಮ್ಮ ಊರುಗಳ ಬೀದಿಗಳು ಹೀಗೇಕಾದವು? ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಬಂದದ್ದು ರೈಲು

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿ ಹಾಕಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರಿಗೆ ಸ್ಟೇಶನ್ ಸಿಕ್ಕಿತು. ಹತ್ತಿ, ಕಾಳುಕಡಿ, ಮೆಣಸಿನಕಾಯಿ ದೂರದ ಪೇಟೆ ಸೇರಲು ದಾರಿ ಆಯಿತು. ಸ್ಟೇಶನ್ನಿಗೂ ಪೇಟೆಗೂ ನಡುವೆ ಚಕ್ಕಡಿ ಓಡಾಡುವ ದಾರಿಗಳೇ ಮುಂದೆ ಬೀದಿಗಳಾದವು. ಎರಡು ಚಕ್ಕಡಿ ಎದುರುಬದುರಾದರೆ ದಾಟಿಹೋಗುವಷ್ಟು ಜಾಗ ಇದ್ದರೆ ಅಂದಿಗೆ ಸಾಕಿತ್ತು.

ಆಮೇಲೆ ಪಿ.ಬಿ. ರಸ್ತೆ

ಪುಣೆ–ಬೆಂಗಳೂರು ರಸ್ತೆಯನ್ನು ನಾವು ಈಗಲೂ ಪಿ.ಬಿ. ರಸ್ತೆ ಎಂದೇ ಕರೆಯುತ್ತೇವೆ. ಅದು ಹಾವೇರಿ, ರಾಣೆಬೆನ್ನೂರಿನ ಒಳಗೇ ಹಾದುಹೋಯಿತು. ಬ್ಯಾಡಗಿಯನ್ನು ಮಾತ್ರ ಬಿಟ್ಟು ಮೋಟೆಬೆನ್ನೂರು ಹಿಡಿಯಿತು. ಹಾಗಾಗಿ ಬ್ಯಾಡಗಿಯವರು ಹೆದ್ದಾರಿ ಮುಟ್ಟಲು ಇಂದಿಗೂ ಮೋಟೆಬೆನ್ನೂರಿಗೆ ಬರಬೇಕು.

ಆಗ ನಮ್ಮದು ಮುಂಬೈ ಪ್ರಾಂತ. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿನ ಸರ್ಕಾರ ಖಾಸಗಿಯವರ ಕೈಯಲ್ಲಿದ್ದ ಬಸ್ಸುಗಳನ್ನು ಹಂತಹಂತವಾಗಿ ತನ್ನ ಕೈಗೆ ತೆಗೆದುಕೊಂಡಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದೆವು. 1961ರ ಆಗಸ್ಟ್‌ನಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿತು. ಬಸ್ಸು ಹಳ್ಳಿಹಳ್ಳಿಗೆ ಬಂತು. ಸಂತೆ, ಕಾಲೇಜು, ದವಾಖಾನೆ ಎಲ್ಲಕ್ಕೂ ಪೇಟೆಗೆ ಹೋಗುವುದು ರೂಢಿಯಾಯಿತು. ಬೀದಿ ಮಾತ್ರ ಹಳೇ ಚಕ್ಕಡಿ ಕಾಲದ್ದೇ ಉಳಿಯಿತು.

ಜಿಲ್ಲೆ ಆಯಿತು, ಕಚೇರಿ ದೂರ ಆಯಿತು

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆಯಿತು. ಅದೇ ನವೆಂಬರ್‌ನಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಶುರುವಾಯಿತು. ಜಿಲ್ಲಾಡಳಿತ ಭವನ ಕಟ್ಟಿದ್ದು ಊರಾಚೆ ದೇವಗಿರಿಯಲ್ಲಿ. ಬೈಕ್, ಕಾರು ಇದ್ದವರಿಗೆ ಅದು ಹತ್ತಿರ. ಅರ್ಜಿ ಹಿಡಿದು ಹಳ್ಳಿಯಿಂದ ಬಂದವರು ಹಾವೇರಿಯಲ್ಲಿ ಇಳಿದು ಮತ್ತೊಂದು ಬಸ್ಸೋ ಆಟೋವೋ ಹಿಡಿಯಬೇಕು.

2011ರ ಜನಗಣತಿಯಲ್ಲಿ ಹಾವೇರಿ ನಗರದ ಜನಸಂಖ್ಯೆ 67,102. ತಾಲ್ಲೂಕು ಕೇಂದ್ರವಾದ ರಾಣೆಬೆನ್ನೂರಿನದು 1,06,406. ಜಿಲ್ಲಾ ಕೇಂದ್ರಕ್ಕಿಂತ ತಾಲ್ಲೂಕು ಕೇಂದ್ರವೇ ದೊಡ್ಡದು! ರೈಲು, ಹೆದ್ದಾರಿ, ಬಟ್ಟೆ ಮತ್ತು ಬೀಜದ ವ್ಯಾಪಾರ ಸೇರಿ ಅದನ್ನು ಬೆಳೆಸಿದವು.

ಅಷ್ಟರಲ್ಲಿ ಹೆದ್ದಾರಿ ಚತುಷ್ಪಥವಾಗಿ ಊರ ಹೊರಗೆ ಸರಿಯಿತು. ಲಾರಿ ಗದ್ದಲ ಕಡಿಮೆಯಾದದ್ದು ನಿಜ. ಆದರೆ ಕೆಲವು ದೂರದ ಬಸ್ಸುಗಳು ಊರೊಳಗೆ ಬರುವುದನ್ನೂ ಬಿಟ್ಟವು. ರಾತ್ರಿ ಹೊತ್ತು ಬೈಪಾಸಿನಲ್ಲಿ ಇಳಿದು, ಕತ್ತಲಲ್ಲಿ ಚೀಲ ಹೊತ್ತು ನಡೆದ ಅನುಭವ ನಮಗೂ ಇದೆ, ನಿಮಗೂ ಇರಬಹುದು.

ದೊಡ್ಡ ಊರಿನ ಪಾಠ

ಇದೇ ಪಿ.ಬಿ. ರಸ್ತೆ ಮೇಲೆ ಹುಬ್ಬಳ್ಳಿ–ಧಾರವಾಡದವರು ಬೇರೊಂದು ಪ್ರಯೋಗ ಮಾಡಿದರು. ಸುಮಾರು 22 ಕಿ.ಮೀ. ರಸ್ತೆ ಅಗಲ ಮಾಡಿ, ನಡುವೆ ಬಸ್ಸಿಗೇ ಪ್ರತ್ಯೇಕ ದಾರಿ ಕೊಟ್ಟರು. 2018ರಲ್ಲಿ ಓಡಲು ಶುರುವಾದ ಆ ಬಸ್ಸೇ ‘ಚಿಗರಿ’. ಅದರ ಬಗ್ಗೆ ತಕರಾರುಗಳೂ ಇವೆ. ಉಳಿದ ವಾಹನಗಳಿಗೆ ಜಾಗ ಕಡಿಮೆಯಾಯಿತು ಎನ್ನುವವರಿದ್ದಾರೆ. ಆದರೆ ಅಗಲ ಮಾಡಿದ ಜಾಗ ಯಾರಿಗೆ ಎಂದು ಅಲ್ಲಿ ಮೊದಲೇ ತೀರ್ಮಾನವಾಗಿತ್ತು.

ನಮ್ಮಲ್ಲಿ ಆ ಪ್ರಶ್ನೆಯನ್ನೇ ಯಾರೂ ಕೇಳುತ್ತಿಲ್ಲ. ಎಷ್ಟು ಅಡಿ ಎಂಬ ಜಗಳವಷ್ಟೇ ನಡೆದಿದೆ. ಅಗಲವಾದ ಜಾಗದಲ್ಲಿ ಕಾರು, ಬೈಕು ಸಾಲಾಗಿ ನಿಂತುಬಿಟ್ಟರೆ ಅಂಗಡಿ ಒಡೆಸಿಕೊಂಡವರ ನಷ್ಟಕ್ಕೂ ಅರ್ಥವಿಲ್ಲ, ನಡೆಯುವವರಿಗೂ ಲಾಭವಿಲ್ಲ.

ನಾವು ಕೇಳಬೇಕಾದದ್ದು

ಅಜ್ಜನ ಕಾಲದಿಂದ ಅದೇ ಕಟ್ಟೆ ಮೇಲೆ ಕೂತು ವ್ಯಾಪಾರ ಮಾಡಿದವರ ಸಂಕಟ ಸುಳ್ಳಲ್ಲ. 2014ರ ಜನವರಿಯಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆ ಪ್ರಕಾರ ಪಟ್ಟಣದ ಜಾಗಕ್ಕೆ ಮಾರುಕಟ್ಟೆ ಬೆಲೆಯ ಜೊತೆ ಅಷ್ಟೇ ಮೊತ್ತದ ಸಾಂತ್ವನ ಹಣವೂ ಸೇರಬೇಕು. ಅದು ಅವರ ಹಕ್ಕು. 2014ರಲ್ಲೇ ಬಂದ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಕಾಯಿಪಲ್ಲೆ ಮಾರುವ ಅವ್ವಂದಿರಿಗೂ ಜಾಗ ಗುರುತಿಸಬೇಕು.

ಉಳಿದವರ ಹಕ್ಕೂ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ ಮಾನದಂಡದಂತೆ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್, ಅಂದರೆ ಸುಮಾರು 6 ಅಡಿ ಜಾಗ ಬಿಡುವಿರಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅಕ್ಕತಂಗಿಯರು ಬಸ್ಸು ಹತ್ತಿ ಪೇಟೆಗೆ ಬರುವುದು ಹೆಚ್ಚಿದೆ. ಟಿಕೆಟ್ ಪುಕ್ಕಟೆ ಆಯಿತು, ಆದರೆ ಬಸ್ಸಿಳಿದ ಮೇಲೆ ಕಾಲಿಡಲು ಜಾಗ ಬೇಡವೇ?

ನಗರದ ಮಹಾಯೋಜನೆಯನ್ನು 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು, ಜನರಿಂದ ಸಲಹೆ, ಆಕ್ಷೇಪಣೆ ಕರೆಯಬೇಕು ಎನ್ನುತ್ತದೆ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪೇಪರಿನ ಮೂಲೆಯಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬರುತ್ತದೆ. ನಾವು ಓದದೆ ಮಡಚಿಡುತ್ತೇವೆ. ನಾವು ಹಳ್ಳಿಯವರು, ಪೇಟೆ ಪ್ಲಾನು ನಮಗೇಕೆ ಎನ್ನಬೇಡಿ. ಆ ಬೀದಿ ನಡೆಯುವುದೇ ನಮ್ಮಿಂದ.

ರೈಲು, ಬಸ್ಸು, ಬೈಪಾಸ್ ಬಂದಾಗ ನಮ್ಮನ್ನು ಯಾರೂ ಕೇಳಲಿಲ್ಲ. ಈ ಸಲ ಪ್ರಕಟಣೆ ಬಂದರೆ ನಿಲ್ದಾಣ ಎಲ್ಲಿ, ಫುಟ್‌ಪಾತ್ ಎಷ್ಟು, ದಾಟುವುದೆಲ್ಲಿ ಎಂಬ ಮೂರು ಪ್ರಶ್ನೆ ಬರೆದು ಕಳಿಸೋಣ. ಒಂದು ಬಿಳಿ ಹಾಳೆ ಸಾಕು.