ಹತ್ತು ಚೌಕಟ್ಟು, ಹನ್ನೊಂದನೆಯ ಹೆಸರು

ನಮ್ಮ ಕನ್ನಡ ಶಾಲೆ ನಡೆಯುವ ಸಭಾಂಗಣದ ಗೋಡೆಗೆ ನಾಡಿನ ಸಂಗೀತಗಾರರ ಚಿತ್ರಗಳನ್ನು ಹಾಕಬೇಕೆಂದು ಕಳೆದ ವರ್ಷ ಸಮಿತಿ ತೀರ್ಮಾನಿಸಿದ್ದು ಹಲವರಿಗೆ ನೆನಪಿರಬಹುದು. ಗೋಡೆಯಲ್ಲಿದ್ದ ಜಾಗ ಹತ್ತು ಚೌಕಟ್ಟಿಗೆ ಮಾತ್ರ. ಮೊದಲ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ಗಂಟೆಯ ಕೆಲಸವೆಂದು ಒಪ್ಪಿಕೊಂಡೆ. ಪುರಂದರದಾಸರು, ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಬಿಡಾರಂ ಕೃಷ್ಣಪ್ಪ, ಪಿಟೀಲು ಚೌಡಯ್ಯ, ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕಾಳಿಂಗರಾವ್, ಅಶ್ವತ್ಥ್. ಕಾಫಿ ಆರುವುದರೊಳಗೆ ಪಟ್ಟಿ ಮುಗಿದಿತ್ತು.

ಅಲ್ಲಿಂದ ಮುಂದೆ ನಾಲ್ಕು ಸಭೆಗಳಾದವು. ರಾಜ್‌ಕುಮಾರ್ ಏಕಿಲ್ಲ ಎಂದು ಒಬ್ಬರು ಕೇಳಿದರು. ಅವರು ನಟರಲ್ಲವೇ ಎಂದಾಗ, ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಕೊಟ್ಟದ್ದು ಅಭಿನಯಕ್ಕೋ ಎಂದು ತಿರುಗಿ ಕೇಳಿದರು. ಎಸ್. ಜಾನಕಿ, ಪಿ. ಬಿ. ಶ್ರೀನಿವಾಸ್ ಹೆಸರು ಬಂದಾಗ ‘ಅವರು ಆಂಧ್ರದವರು’ ಎಂಬ ಆಕ್ಷೇಪ ಎದ್ದಿತು. ಹಾಗಾದರೆ ಪುಣೆಯಲ್ಲಿ ನೆಲೆಸಿದ ಭೀಮಸೇನರ ಗತಿಯೇನು, ಅಮೆರಿಕದಲ್ಲಿ ನೆಲೆಸಿದ ನಮ್ಮ ಗತಿಯೇನು ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ನಗು ಬಂತು, ತೀರ್ಮಾನ ಬರಲಿಲ್ಲ.

ಮನೆಗೆ ಬಂದು ಪಟ್ಟಿಯನ್ನು ಮಗಳಿಗೆ ತೋರಿಸಿದೆ. ಕಾಲೇಜಿನಲ್ಲಿ ಓದುತ್ತಿರುವವಳು, ಹೆಸರುಗಳಲ್ಲಿ ಅರ್ಧ ಅವಳಿಗೆ ಗೊತ್ತಿಲ್ಲ. ಆದರೂ ಒಂದು ಸಲ ಕಣ್ಣಾಡಿಸಿ, ‘ಅಪ್ಪಾ, ಒಂಬತ್ತು ಜನ ಗಂಡಸರು, ಒಬ್ಬರೇ ಹೆಂಗಸು. ಅಷ್ಟೇನಾ ಇದ್ದದ್ದು?’ ಎಂದಳು. ಯೋಗ್ಯತೆ ನೋಡಿ ಮಾಡಿದ ಪಟ್ಟಿ, ಗಂಡು ಹೆಣ್ಣು ಎಣಿಸಿ ಮಾಡಿದ್ದಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಇದೇ ಉತ್ತರವನ್ನು ಇದೇ ಓಹಾಯೋದಲ್ಲಿ ಬೇರೊಂದು ದೊಡ್ಡ ಪಟ್ಟಿಯವರು ಎಷ್ಟೋ ವರ್ಷ ಹೇಳುತ್ತ ಬಂದಿದ್ದಾರೆಂಬುದು ನನ್ನ ತಲೆಗೆ ಹೊಳೆದದ್ದು ಆಮೇಲೆ.

ಕ್ಲೀವ್‌ಲ್ಯಾಂಡ್ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗುವುದು ತ್ಯಾಗರಾಜರ ಆರಾಧನೆ. 1978ರಲ್ಲಿ ಶುರುವಾದ ಈ ಉತ್ಸವಕ್ಕೆ ಪ್ರತಿ ವಸಂತದಲ್ಲಿ ದೇಶದ ಮೂಲೆಮೂಲೆಯಿಂದ ನಮ್ಮವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅದೇ ಊರಿನ ಸರೋವರದ ದಂಡೆಯಲ್ಲಿ ಗಾಜಿನ ಪಿರಮಿಡ್ಡಿನಂತೆ ಒಂದು ಕಟ್ಟಡವಿದೆ. ಐ. ಎಂ. ಪೇಯ್ ವಿನ್ಯಾಸ ಮಾಡಿದ ಅದು 1995ರಲ್ಲಿ ತೆರೆದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ಆರಾಧನೆಗೆ ಇಷ್ಟು ಸಲ ಹೋಗಿದ್ದರೂ ಆ ಕಟ್ಟಡದ ಒಳಗೆ ನಾನು ಕಾಲಿಟ್ಟಿರಲಿಲ್ಲ. ಈ ಸಲ ಮಗಳು ಬಿಡಲಿಲ್ಲ. ಬೆಳಿಗ್ಗೆ ಪಂಚರತ್ನ, ಮಧ್ಯಾಹ್ನ ರಾಕ್.

ಈ ಸಂಸ್ಥೆಯ ಹುಟ್ಟು 1983ರದು. ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಯ ಅಹ್ಮೆಟ್ ಎರ್ಟೆಗುನ್ ಮತ್ತು ಸಂಗೀತೋದ್ಯಮದ ಕೆಲವರು ನ್ಯೂಯಾರ್ಕಿನಲ್ಲಿ ಸೇರಿ ಮಾಡಿದ್ದು. ಕಟ್ಟಡ ಮಾತ್ರ ಕ್ಲೀವ್‌ಲ್ಯಾಂಡಿಗೆ ಬಂತು. ಅದಕ್ಕೊಂದು ಕಾರಣ ಆಲನ್ ಫ್ರೀಡ್ ಎಂಬ ರೇಡಿಯೋ ನಿರೂಪಕ. ಕರಿಯರ ಸಂಗೀತವನ್ನು ರಾತ್ರಿಯ ಹೊತ್ತು ಬಿಳಿಯ ಹುಡುಗರ ಕಿವಿಗೂ ಮುಟ್ಟಿಸಿ, ‘ರಾಕ್ ಅಂಡ್ ರೋಲ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದವನು. 1952ರ ಮಾರ್ಚ್ 21ರಂದು ಇಲ್ಲಿ ಅವನು ಏರ್ಪಡಿಸಿದ ಕಾರ್ಯಕ್ರಮಕ್ಕೆ ಸಭಾಂಗಣ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನ ನುಗ್ಗಿದ್ದರಿಂದ ಪೊಲೀಸರು ಬಂದು ಶುರುವಿನಲ್ಲೇ ನಿಲ್ಲಿಸಿಬಿಟ್ಟರು. ಅದನ್ನೇ ಮೊದಲ ರಾಕ್ ಕಛೇರಿ ಎನ್ನುವವರಿದ್ದಾರೆ. ಇನ್ನೊಂದು ಕಾರಣ ಸರಳವಾದದ್ದು: ಊರಿನವರು ಆರು ಲಕ್ಷ ಸಹಿ ಸಂಗ್ರಹಿಸಿದರು, ನಗರ 6.5 ಕೋಟಿ ಡಾಲರ್ ಒದಗಿಸುವ ಭರವಸೆ ಕೊಟ್ಟಿತು. ಫ್ರೀಡ್‌ನ ಚಿತಾಭಸ್ಮವನ್ನು 2002ರಿಂದ 2014ರವರೆಗೆ ಈ ಕಟ್ಟಡದಲ್ಲೇ ಇಟ್ಟಿದ್ದರಂತೆ. ಆ ಬೆಳಿಗ್ಗೆ ತಾನೇ ಒಬ್ಬರ ಸಮಾಧಿಯ ನೆನಪಿನಲ್ಲಿ ಹಾಡಿ ಬಂದಿದ್ದ ನನಗೆ ಈ ವಿಷಯ ವಿಚಿತ್ರವಾಗಿ ಹತ್ತಿರದ್ದೆನಿಸಿತು.

ಇಲ್ಲಿನ ನಿಯಮ ಹೀಗಿದೆ. ಕಲಾವಿದರ ಮೊದಲ ಧ್ವನಿಮುದ್ರಿಕೆ ಹೊರಬಂದು 25 ವರ್ಷ ಕಳೆದಿರಬೇಕು. ನಾಮನಿರ್ದೇಶನ ಸಮಿತಿಯೊಂದು ಹೆಸರುಗಳನ್ನು ಆರಿಸುತ್ತದೆ. ಸಾವಿರಕ್ಕೂ ಮಿಕ್ಕಿದ ಕಲಾವಿದರು, ಚರಿತ್ರಕಾರರು, ಉದ್ಯಮದವರು ಮತ ಹಾಕುತ್ತಾರೆ. ಇದಲ್ಲದೆ, ಪೂರ್ವಸೂರಿಗಳಿಗೆಂದು ಬೇರೊಂದು ವಿಭಾಗವಿದೆ. ಅಲ್ಲಿ ಸಮಿತಿಯೇ ಆರಿಸುತ್ತದೆ. ನೋಡಲು ಅಚ್ಚುಕಟ್ಟಾದ ವ್ಯವಸ್ಥೆ. 1986ರಲ್ಲಿ ಮೊದಲ ವರ್ಷ ಗಾಯಕರ ವಿಭಾಗಕ್ಕೆ ಹತ್ತು ಹೆಸರು ಬಂದವು. ನಮ್ಮ ಗೋಡೆಯಂತೆಯೇ ಹತ್ತು: ಚಕ್ ಬೆರಿ, ಜೇಮ್ಸ್ ಬ್ರೌನ್, ರೇ ಚಾರ್ಲ್ಸ್, ಸ್ಯಾಮ್ ಕುಕ್, ಫ್ಯಾಟ್ಸ್ ಡಾಮಿನೊ, ಎವರ್ಲಿ ಸಹೋದರರು, ಬಡಿ ಹಾಲಿ, ಜೆರಿ ಲೀ ಲೂಯಿಸ್, ಲಿಟಲ್ ರಿಚರ್ಡ್, ಎಲ್ವಿಸ್ ಪ್ರೀಸ್ಲಿ. ಒಂದೇ ಒಂದು ಹೆಸರನ್ನೂ ಅಯೋಗ್ಯವೆನ್ನುವಂತಿಲ್ಲ. ಪಟ್ಟಿಯಲ್ಲಿ ಹೆಂಗಸರೂ ಇಲ್ಲ. ಮರುವರ್ಷ ಅರೀಥಾ ಫ್ರಾಂಕ್ಲಿನ್ ಬಂದರು.

ಎಲ್ವಿಸ್ ಚಿತ್ರದ ಮುಂದೆ ಮಗಳು ನಿಂತು ಕೇಳಿದ ಪ್ರಶ್ನೆಯಿಂದಲೇ ಈ ಲೇಖನ ಹುಟ್ಟಿತು: ‘ಹೌಂಡ್ ಡಾಗ್ ಯಾರ ಹಾಡು, ಗೊತ್ತಾ?’ ಎಲ್ವಿಸ್‌ದು ಎಂದೆ. ಅಲ್ಲ ಎಂದಳು.

ಅಲಬಾಮಾದಲ್ಲಿ 1926ರಲ್ಲಿ ಹುಟ್ಟಿದ ವಿಲ್ಲಿ ಮೇ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿಯನ್ನು ಆಳ್ತನ ನೋಡಿ ‘ಬಿಗ್ ಮಾಮಾ’ ಎನ್ನುತ್ತಿದ್ದರು. ಲೀಬರ್ ಮತ್ತು ಸ್ಟಾಲರ್ ಎಂಬ ಇಬ್ಬರು ಎಳೆಯ ಹುಡುಗರು ಅವರಿಗಾಗಿಯೇ ಈ ಹಾಡು ಬರೆದರು. 1952ರ ಆಗಸ್ಟಿನಲ್ಲಿ ಮುದ್ರಣವಾಗಿ, ಮರುವರ್ಷ ಬಿಡುಗಡೆಯಾಗಿ, ಕರಿಯರ ಸಂಗೀತದ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ತಮ್ಮ ಕೈಗೆ ಬಂದದ್ದು ಐನೂರು ಡಾಲರ್ ಎಂದು ಅವರು ಹೇಳಿಕೊಂಡಿದ್ದಾರೆ. 1956ರಲ್ಲಿ ಎಲ್ವಿಸ್ ಹಾಡಿದ ಮೇಲೆ ಅದು ಎಲ್ವಿಸ್ ಹಾಡಾಯಿತು. ಅವರೇ ಕಟ್ಟಿದ ‘ಬಾಲ್ ಅಂಡ್ ಚೈನ್’ ಎಂಬ ಇನ್ನೊಂದು ಹಾಡು ಜಾನಿಸ್ ಜಾಪ್ಲಿನ್ ಅವರಿಗೆ ಹೆಸರು ತಂದಿತು. ಥಾರ್ನ್‌ಟನ್ ತೀರಿಕೊಂಡದ್ದು 1984ರಲ್ಲಿ.

ಈಗ ಹಾಲ್ ಆಫ್ ಫೇಮಿನ ಬಾಗಿಲು ಯಾರಿಗೆ ಯಾವಾಗ ತೆರೆಯಿತೆಂದು ನೋಡಿ. ಎಲ್ವಿಸ್, 1986. ಹಾಡು ಬರೆದ ಲೀಬರ್ ಮತ್ತು ಸ್ಟಾಲರ್, 1987. ಜಾಪ್ಲಿನ್, 1995. ಬಿಗ್ ಮಾಮಾ ಥಾರ್ನ್‌ಟನ್, 2024. ಅದೂ ಪೂರ್ವಸೂರಿಗಳ ವಿಭಾಗದಲ್ಲಿ.

ಸಿಸ್ಟರ್ ರೊಸೆಟ್ಟಾ ಥಾರ್ಪ್ ಕಥೆಯೂ ಇದಕ್ಕಿಂತ ದೂರದ್ದಲ್ಲ. ಚರ್ಚಿನ ಭಜನೆಯನ್ನು ಎಲೆಕ್ಟ್ರಿಕ್ ಗಿಟಾರಿನ ಮೇಲೆ ನುಡಿಸಿ 1940ರ ದಶಕದಲ್ಲೇ ರಾಕ್ ಸಂಗೀತದ ಬಹುಪಾಲು ಲಕ್ಷಣಗಳನ್ನು ತೋರಿಸಿಕೊಟ್ಟವರು. ಹದಿಹರೆಯದ ಲಿಟಲ್ ರಿಚರ್ಡನನ್ನು ಮೊದಲು ವೇದಿಕೆಗೆ ಕರೆದು ಹಾಡಿಸಿದ್ದು ಅವರೇ. ಆ ಹುಡುಗ 1986ರ ಮೊದಲ ಪಟ್ಟಿಯಲ್ಲಿದ್ದಾನೆ. ಕರೆದು ಹಾಡಿಸಿದಾಕೆ ಒಳಗೆ ಬಂದದ್ದು 2018ರಲ್ಲಿ. 1973ರಲ್ಲಿ ಅವರು ತೀರಿಕೊಂಡ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ.

ಸಾಮಾನ್ಯವಾಗಿ ಇಂಥ ಸಂಸ್ಥೆಗಳ ಮೇಲಿನ ಜಗಳ ‘ಇದು ರಾಕ್ ಸಂಗೀತವೇ?’ ಎಂಬ ಪ್ರಶ್ನೆಯ ಸುತ್ತ ನಡೆಯುತ್ತದೆ. ರ‍್ಯಾಪ್ ಕಲಾವಿದರು ಬಂದಾಗ ಅದೇ ಗದ್ದಲವಾಯಿತು. 2022ರಲ್ಲಿ ಡಾಲಿ ಪಾರ್ಟನ್ ತಮಗೆ ಈ ಗೌರವಕ್ಕೆ ಅರ್ಹತೆಯಿಲ್ಲವೆಂದು ಮೊದಲು ಹಿಂದೆ ಸರಿದು, ಆಮೇಲೆ ಒಪ್ಪಿ, ಮರುವರ್ಷ ಋಣ ತೀರಿಸುವವರಂತೆ ಒಂದು ಪೂರ್ತಿ ರಾಕ್ ಆಲ್ಬಮ್ಮನ್ನೇ ಹಾಡಿದರು. ಈ ಬಗೆಯ ಜಗಳ ನನಗೆ ಇಷ್ಟವೇ. ನಮ್ಮ ರಾಜ್‌ಕುಮಾರ್ ಚರ್ಚೆಯೂ ಈ ಜಾತಿಯದೇ. ಆದರೆ ಥಾರ್ನ್‌ಟನ್, ಥಾರ್ಪ್ ಅವರ ವಿಷಯದಲ್ಲಿ ಪ್ರಕಾರದ ಪ್ರಶ್ನೆಯೇ ಬರುವುದಿಲ್ಲ. ಆ ಸಂಗೀತಕ್ಕೆ ತಳಪಾಯ ಹಾಕಿದವರೇ ಅವರು. ಪಟ್ಟಿ ಮಾಡಲು ಕೂತವರ ನೆನಪಿಗೆ ಅವರು ಬರಲಿಲ್ಲ, ಅಷ್ಟೆ. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಯಾನ್ ವೆನ್ನರ್ 2023ರಲ್ಲಿ ಸಂದರ್ಶನವೊಂದರಲ್ಲಿ, ತಮ್ಮ ಪುಸ್ತಕದಲ್ಲಿ ಬಿಳಿಯ ಗಂಡಸರೇ ಏಕಿದ್ದಾರೆಂಬುದಕ್ಕೆ ಹೆಂಗಸರ, ಕರಿಯರ ಬೌದ್ಧಿಕ ಮಟ್ಟದ ಮಾತೆತ್ತಿದಾಗ ಮರುದಿನವೇ ಅವರನ್ನು ಮಂಡಳಿಯಿಂದ ತೆಗೆದರು. ಅದನ್ನು ಓದಿದಾಗ ಛೆ ಎಂದುಕೊಂಡಿದ್ದೆ. ಈಗ ನನ್ನದೇ ಪಟ್ಟಿ ಜೇಬಿನಲ್ಲಿತ್ತು.

ವಾಪಸು ಬರುವಾಗ ಕಾರಿನಲ್ಲಿ ಮಗಳು ಕೇಳಿದಳು: ಬೆಳಿಗ್ಗೆ ನಾವೆಲ್ಲ ಗಂಡಸರು ಹೆಂಗಸರು ಒಟ್ಟಿಗೆ ಕೂತು ಹಾಡಿದೆವಲ್ಲ, ಅದು ಮೊದಲಿನಿಂದಲೂ ಹಾಗೆಯೇ? ಅದಕ್ಕೆ ಉತ್ತರ ಹೇಳಲು ಬಾಯಿ ತೆರೆದಾಗಲೇ ನಾನು ಬಿಟ್ಟ ಹೆಸರು ನೆನಪಾದದ್ದು.

ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಮೈಸೂರು, ಬೆಂಗಳೂರುಗಳಲ್ಲಿ ಹಾಡಿ, ನರ್ತಿಸಿ, ಆಮೇಲೆ ಮದರಾಸಿನಲ್ಲಿ ನೆಲೆಸಿ ದೊಡ್ಡ ಹೆಸರು ಮಾಡಿದರು. ಸಂಸ್ಕೃತ, ಕನ್ನಡ, ತೆಲುಗು ಬಲ್ಲ ವಿದ್ವಾಂಸೆ. ಮುದ್ದುಪಳನಿ ಎಂಬ ಕವಯಿತ್ರಿಯ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಪ್ರಕಟಿಸಿ, ಅಶ್ಲೀಲವೆಂಬ ದೂರಿನ ಮೇಲೆ ಸರ್ಕಾರ ಅದನ್ನು ನಿಷೇಧಿಸಿದ್ದನ್ನೂ ಎದುರಿಸಿದವರು.

ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂದು ಅವರಿಗೆ ಪತ್ರ ಬರೆದವರು ಬಿಡಾರಂ ಕೃಷ್ಣಪ್ಪ. ಹೌದು, ನನ್ನ ಪಟ್ಟಿಯ ನಾಲ್ಕನೆಯ ಹೆಸರು; ಐದನೆಯವರಾದ ಚೌಡಯ್ಯನವರ ಗುರು. ನಾಗರತ್ನಮ್ಮ ಹೋಗಿ ನೋಡಿದರು. ಒಡವೆ ಮಾರಿದರು, ಆಸ್ತಿ ಕಳೆದರು, ಸುತ್ತಲಿನ ಜಾಗ ಕೊಂಡರು. 1921ರಲ್ಲಿ ಶಂಕುಸ್ಥಾಪನೆಯಾಗಿ, 1925ರಲ್ಲಿ ಗುಡಿಯ ಪ್ರತಿಷ್ಠೆಯಾಯಿತು. ಆದರೆ ಅಲ್ಲಿ ಆರಾಧನೆ ನಡೆಸುತ್ತಿದ್ದದ್ದು ‘ಪೆರಿಯ ಕಚ್ಚಿ’, ‘ಚಿನ್ನ ಕಚ್ಚಿ’ ಎಂಬ ಎರಡು ಬಣಗಳು, ಎಂದರೆ ದೊಡ್ಡ ಪಂಗಡ ಮತ್ತು ಚಿಕ್ಕ ಪಂಗಡ. ಒಂದಕ್ಕೊಂದು ಆಗದ ಈ ಎರಡೂ ಬಣಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದವು: ಹೆಂಗಸರು ಅಲ್ಲಿ ಹಾಡಕೂಡದು. ತಾನು ಕಟ್ಟಿಸಿದ ಗುಡಿಯ ಮುಂದೆ ನಾಗರತ್ನಮ್ಮನವರಿಗೇ ಹಾಡಲು ಅವಕಾಶವಿಲ್ಲ.

ಅವರು ಅಳುತ್ತ ಕೂರಲಿಲ್ಲ. 1927ರ ಹೊತ್ತಿಗೆ ಹೆಂಗಸರದ್ದೇ ಮೂರನೆಯ ಬಣ ಕಟ್ಟಿ ಗುಡಿಯ ಹಿಂಬದಿಯಲ್ಲಿ ಹಾಡಿಸಿದರು. ಮುಂದೆ ಎರಡು ಕಚ್ಚಿ, ಹಿಂದೆ ಒಂದು. 1940ರ ದಶಕದ ಆರಂಭದಲ್ಲಿ ಮೂರೂ ಒಂದಾಗಿ, ಹೆಂಗಸರು ಮುಂಬದಿಗೆ ಬಂದರು. ಇಂದು ತಿರುವೈಯಾರಿನಲ್ಲಾಗಲಿ ಕ್ಲೀವ್‌ಲ್ಯಾಂಡಿನಲ್ಲಾಗಲಿ ನಮ್ಮ ಹೆಣ್ಣುಮಕ್ಕಳು ಪಂಚರತ್ನ ಗೋಷ್ಠಿಯಲ್ಲಿ ಕೂರುತ್ತಾರಲ್ಲ, ಆ ಜಾಗ ಮಾಡಿಕೊಟ್ಟದ್ದು ಹೀಗೆ. ನಾಗರತ್ನಮ್ಮ 1952ರ ಮೇ ತಿಂಗಳಲ್ಲಿ ತೀರಿಕೊಂಡರು. ತ್ಯಾಗರಾಜರ ಗುಡಿಯ ಎದುರಿಗೇ ಅವರ ಸ್ಮಾರಕವಿದೆ. ಕೈಮುಗಿದು ಕೂತ ಮೂರ್ತಿ.

ಇಷ್ಟನ್ನೂ ನಾನು ಬಲ್ಲೆ. ಪಟ್ಟಿ ಬರೆಯುವಾಗ ಮಾತ್ರ ನೆನಪಾಗಲಿಲ್ಲ. ಅವರಿಗೆ ಪತ್ರ ಬರೆದವರು ನೆನಪಾದರು, ಪತ್ರ ಬರೆದವರ ಶಿಷ್ಯರೂ ನೆನಪಾದರು. ಯೋಗ್ಯತೆ ಅಳೆದು ಕೈಬಿಟ್ಟಿದ್ದರೆ ಸಮರ್ಥಿಸಿಕೊಳ್ಳಬಹುದಿತ್ತು. ಅಳೆಯುವ ಗೋಜಿಗೇ ಹೋಗಿರಲಿಲ್ಲ.

ಮುಂದಿನ ಸಭೆಯಲ್ಲಿ ಹೆಸರು ಎತ್ತಿದೆ. ‘ಮದರಾಸಿನಲ್ಲಿ ಇದ್ದವರಲ್ಲವೇ?’ ಎಂದು ಒಬ್ಬರು, ‘ಹಾಡಿಗಿಂತ ಗುಡಿ ಕಟ್ಟಿಸಿದ್ದಕ್ಕೆ ಹೆಸರಾದವರು’ ಎಂದು ಇನ್ನೊಬ್ಬರು. ಎರಡನೆಯ ಮಾತು ತಳ್ಳಿಹಾಕುವಂಥದ್ದಲ್ಲ. ಅವರ ಗಾಯನಕ್ಕಿಂತ ಈ ಹೋರಾಟವೇ ನಮ್ಮವರೆಗೆ ಹೆಚ್ಚಾಗಿ ಬಂದಿದೆ, ನಿಜ. ಆದರೆ ಆಲನ್ ಫ್ರೀಡ್ ಒಂದು ಸ್ವರವನ್ನೂ ಹಾಡದೆ 1986ರಲ್ಲೇ ಒಳಗೆ ಬಂದ. ಬೇರೆಯವರಿಗೆ ಹಾಡಲು ಜಾಗ ಮಾಡಿಕೊಡುವುದನ್ನೂ ಸಂಗೀತದ ಕೆಲಸವೆಂದು ಆ ಗಾಜಿನ ಕಟ್ಟಡದವರು ಮೊದಲ ದಿನದಿಂದ ಒಪ್ಪಿದ್ದಾರೆ. ಅಲ್ಲಿಂದ ನಾವು ಕಲಿಯಬಹುದಾದದ್ದು ಏನಾದರೂ ಇದ್ದರೆ ಇದೊಂದು ಎಂದು ವಾದಿಸಿದೆ. ಹನ್ನೊಂದನೆಯ ಚೌಕಟ್ಟನ್ನು ಬಾಗಿಲ ಮೇಲೆ ಹಾಕೋಣವೆಂದು ಖಜಾಂಚಿಯವರು ಸೂಚಿಸಿದರು. ನಾನು ಒಪ್ಪಲಿಲ್ಲ. ಗುಡಿಯ ಹಿಂಬದಿಯ ನೆನಪು ಇನ್ನೂ ಹಸಿಯಾಗಿತ್ತು.

ಕೊನೆಗೆ ಹತ್ತರಲ್ಲೇ ಒಂದನ್ನು ತೆಗೆದು ಅವರ ಚಿತ್ರ ಹಾಕಬೇಕೆಂದು ಲಿಖಿತ ಸೂಚನೆ ಕೊಟ್ಟಿದ್ದೇನೆ. ಪಟ್ಟಿ ಮಾಡಿದವನು ನಾನಾದ್ದರಿಂದ ತೆಗೆಯಬೇಕಾದ ಹೆಸರನ್ನೂ ನಾನೇ ಬರೆದೆ; ಚಿಕ್ಕಂದಿನಿಂದ ನನಗೆ ಬಹಳ ಪ್ರಿಯವಾದ ಹೆಸರೇ ಅದು. ಈಗಾಗಲೇ ಎರಡು ಫೋನ್ ಬಂದಿವೆ. ಯಾರ ಹೆಸರೆಂದು ಇಲ್ಲಿ ಬರೆಯುವುದಿಲ್ಲ, ಸರ್ವಸದಸ್ಯರ ಸಭೆಗೆ ಬನ್ನಿ.