ಬಾಹುಕನ ರಥ, ಪ್ರೇಮಲೋಕದ ಮೋಟಾರುಸೈಕಲ್ಲು

ಮೋಟಾರು ಪಂದ್ಯದ ಪ್ರೇಮಚಿತ್ರಗಳಿಗೂ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ನಮ್ಮ ಸೀಮೆಗೂ ಎಲ್ಲಿಯ ನಂಟೆಂದು ವಾಚಕರು ಕೇಳಬಹುದು. ನಮ್ಮಲ್ಲಿ ಓಟವೆಂದರೆ ದೀಪಾವಳಿಯ ಹೋರಿಯ ಓಟ: ಕೊಬ್ಬರಿಯ ಸರ ಹೊತ್ತು ನುಗ್ಗುವ ಹೋರಿ, ಅದನ್ನು ಹರಿದುಕೊಳ್ಳಲು ಹವಣಿಸುವ ಹುಡುಗರು. ಆದರೂ ವೇಗ, ಒಲವು, ಹಾಡು ಈ ಮೂರನ್ನು ಒಂದೇ ನೊಗಕ್ಕೆ ಹೂಡುವುದು ನಮಗೆ ಹೊಸತಲ್ಲ.

ಮೊದಲು ಹೊರಗಿನ ಸಂಗತಿ. ಅಮೆರಿಕದ ಗಾಯಕನಟ ಎಲ್ವಿಸ್ ಪ್ರೀಸ್ಲಿಯು ‘ವೀವಾ ಲಾಸ್ ವೇಗಸ್’ (1964), ‘ಸ್ಪಿನೌಟ್’ (1966), ‘ಸ್ಪೀಡ್‌ವೇ’ (1968) ಚಿತ್ರಗಳಲ್ಲಿ ಕಾರು ಪಂದ್ಯದ ಸ್ಪರ್ಧಾಳುವಾಗಿ ನಟಿಸಿದನು. ಕಥೆಯ ಎಳೆ ತೆಳುವು. ಹಾಡೇ ಅದರ ಬಲ. 1982ರ ‘ಗ್ರೀಸ್ 2’ ಚಿತ್ರದಲ್ಲಿ ಕಾರಿನ ಸ್ಥಾನಕ್ಕೆ ಮೋಟಾರುಸೈಕಲ್ಲು ಬಂದಿತು. ಸಾಧು ವಿದ್ಯಾರ್ಥಿಯೊಬ್ಬನು ಹುಡುಗಿಯ ಮನಸ್ಸನ್ನು ಗೆಲ್ಲಲೆಂದೇ ಗುಟ್ಟಾಗಿ ಸವಾರಿ ಕಲಿಯುತ್ತಾನೆ.

ಈ ಚಿತ್ರದ ನೆರಳು 1987ರಲ್ಲಿ ಕನ್ನಡದ ‘ಪ್ರೇಮಲೋಕ’ದ ಮೇಲೆ ಬಿದ್ದಿತು. ಎನ್. ವೀರಾಸ್ವಾಮಿಯವರು ನಿರ್ಮಾಪಕರು, ಅವರ ಮಗ ವಿ. ರವಿಚಂದ್ರನ್ ನಿರ್ದೇಶಕರೂ ಹೌದು, ನಾಯಕರೂ ಹೌದು. ನಾಯಕಿ ಜೂಹಿ ಚಾವ್ಲಾ. ಅದೇ ವರ್ಷ ‘ಪರುವ ರಾಗಂ’ ಎಂಬ ಹೆಸರಿನಲ್ಲಿ ತಮಿಳಿನಲ್ಲಿಯೂ ತೆರೆಕಂಡಿತು. ಇಲ್ಲಿ ಪಂದ್ಯಕ್ಕಿಂತ ಸವಾರಿ ಮುಖ್ಯ, ಸವಾರಿಗಿಂತ ಹಾಡು ಮುಖ್ಯ. ಪದವನ್ನೂ ರಾಗವನ್ನೂ ಕೂಡಿಸಿದವರು ಹಂಸಲೇಖ. ಪಾತ್ರಗಳು ಹಾಡಿನಲ್ಲಿಯೇ ಕೇಳುತ್ತವೆ, ಹಾಡಿನಲ್ಲಿಯೇ ಕೆಣಕುತ್ತವೆ, ಹಾಡಿನಲ್ಲಿಯೇ ಉತ್ತರ ಕೊಡುತ್ತವೆ. ಆ ಮಾತು ಗ್ರಂಥದ್ದಲ್ಲ, ಕಾಲೇಜಿನ ಅಂಗಳದ್ದು.

ಇದೂ ಸಾಹಿತ್ಯವೇ ಎಂದು ಮೂಗು ಮುರಿಯುವವರುಂಟು. ಛಂದಸ್ಸಿನ ಪಾಠ ಹೇಳುವ ನನಗೆ ಆ ಆಕ್ಷೇಪದ ಅರ್ಥವಾಗದೆ ಇಲ್ಲ. ಆದರೆ ಶಿಗ್ಗಾವಿ ತಾಲೂಕಿನ ಶಿಶುನಾಳ ಷರೀಫರು (1819–1889) ತತ್ತ್ವಕ್ಕೆ ಆರಿಸಿಕೊಂಡದ್ದು ಹಟ್ಟಿಯ ಮಾತನ್ನೇ ಅಲ್ಲವೆ? ನಮ್ಮ ಕಂಪನಿ ನಾಟಕಗಳಲ್ಲಿಯೂ ಸಂಭಾಷಣೆ ನಡುವೆಯೇ ಹಾಡಾಗಿ ಹರಿಯುತ್ತಿತ್ತು. ತತ್ತ್ವವೇ ಬೇರೆ, ವಿನೋದವೇ ಬೇರೆ, ನಿಜ. ಆಡುಮಾತು ಹಾಡಿಗೆ ಸಲ್ಲುವುದೆಂಬ ನಂಬಿಕೆ ಮಾತ್ರ ಒಂದೇ.

ಇನ್ನು ವೇಗದ ಮಾತು. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಹೆಸರಿನೊಡನೆ ಬೆರೆತ ಕನಕದಾಸರು ಭಾಮಿನೀ ಷಟ್ಪದಿಯಲ್ಲಿ ‘ನಳಚರಿತ್ರೆ’ಯನ್ನು ರಚಿಸಿದರು. ಕಥೆಯ ಮೂಲ ಮಹಾಭಾರತದ್ದು. ಅಗಲಿದ ಗಂಡನನ್ನು ಕಾಣಲೆಂದು ದಮಯಂತಿ ಎರಡನೆಯ ಸ್ವಯಂವರದ ಸುದ್ದಿಯನ್ನು ಅಯೋಧ್ಯೆಗೆ ಮುಟ್ಟಿಸುತ್ತಾಳೆ. ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕು! ಋತುಪರ್ಣ ರಾಜನ ರಥವನ್ನು ಹೊಡೆಯುವವನು ಬಾಹುಕನ ವೇಷದಲ್ಲಿದ್ದ ನಳನೇ. ದಾರಿಯಲ್ಲಿ ರಾಜನ ಉತ್ತರೀಯ ಜಾರುತ್ತದೆ. ನಿಲ್ಲಿಸೆಂದು ಹೇಳುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿರುತ್ತದೆಂದು ಮಹಾಭಾರತ ಹೇಳುತ್ತದೆ. ಅಂಥ ವೇಗದ ಸಾರಥಿ ಯಾರಿರಬಹುದೆಂಬುದನ್ನು ದಮಯಂತಿ ಬಲ್ಲಳು. ವೇಷ ಮರೆಸಿದ್ದನ್ನು ವೇಗ ಹೊರಗೆಡಹಿತು.

ಮೋಟಾರುಸೈಕಲ್ಲಿನ ನಾಯಕನೂ ಇದನ್ನೇ ಬಯಸುತ್ತಾನೆ: ಸವಾರಿಯಲ್ಲಿ ತಾನಾರೆಂಬುದು ಅವಳಿಗೆ ತಿಳಿಯಲಿ ಎಂದು. ನಳಚರಿತ್ರೆಯ ಪಕ್ಕದಲ್ಲಿ ‘ಪ್ರೇಮಲೋಕ’ವನ್ನು ಕೂರಿಸಿರೆಂದು ನಾನು ಹೇಳುತ್ತಿಲ್ಲ. ಆದರೆ ಹಗುರವೆಂದು ಅದನ್ನು ಚರಿತ್ರೆಯಿಂದ ಹೊರಗಿಟ್ಟರೆ, ಒಂದು ತಲೆಮಾರಿನ ಕನ್ನಡಿಗರು ಯಾವ ಮಾತಿನಲ್ಲಿ ಒಲಿದರು, ಯಾವ ಮಾತಿನಲ್ಲಿ ಮುನಿದರು ಎಂಬ ದಾಖಲೆಯನ್ನೇ ಕಳೆದುಕೊಂಡೇವು.